ಅತ್ತೆಯ ಎಡಗೆನ್ನೆ

ಅತ್ತೆಯ ಮೂಗಿನ ಎರಡೂ ಪಕ್ಕದಲ್ಲಿ, ಕೆನ್ನೆಗಳ ಮೇಲೆ, ಹೇರಳೆಕಾಯಿ ಸಿಪ್ಪೆಯಲ್ಲಿರುವಂಥ ಸಣ್ಣ ಸಣ್ಣ ಗುಳಿಗಳಿದ್ದವು. ಕಡಲೆಹಿಟ್ಟು ಹಚ್ಚಿ ಎಷ್ಟು ತೊಳೆದರೂ ಒಂದಿಷ್ಟು ಹಿಟ್ಟು ಆ ಗುಳಿಗಳಲ್ಲೇ ಉಳಿದು, ಒಣಗಿದ ಮೇಲೆ ಬಿಳಿ ಚುಕ್ಕೆಗಳಾಗಿ ಕಾಣುತ್ತಿತ್ತು. ಊರಿನ ಹೆಂಗಸರು ಅವಳಿಗೆ ‘ಜರಡಿ ಮೊಕ’ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಅನ್ನುತ್ತಿದ್ದರು. ಅತ್ತೆಯೂ ಅವರ ಜೊತೆ ನಗುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ನಾಗಮಂಗಲದ ಕಡೆಗೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡ ಅವಳನ್ನು ಕರೆತಂದು, ಅಕ್ಕಿಹೆಬ್ಬಾಳಿನ ಹತ್ತಿರದ ನಮ್ಮ ಮನೆಯ ಜಗಲಿಯ ಮೇಲೆ ಬಿಟ್ಟುಹೋದ. ಅವನಿಗೆ ಬೇರೊಬ್ಬಳ ಸಹವಾಸವಿತ್ತು ಎನ್ನುವುದು ಆಮೇಲೆ ಎಲ್ಲರಿಗೂ ತಿಳಿಯಿತು. ಆದರೆ ಅವನ ತಾಯಿ ಹೇಳಿಕಳಿಸಿದ್ದು ಬೇರೆ ಕಾರಣ: ‘ದೀಪ ಅಚ್ಚುದ್ರೆ ಅವಳ್ ಮೊಕ ನೋಡಕ್ಕಾಗಕಿಲ್ಲ ಅಂತಾನೆ ನನ್ ಮಗ.’ ತಾಳಿ ಕಟ್ಟುವಾಗ ಅವನೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದನೇ? ಹಾಗೆಂದು ಅಪ್ಪ ಕೇಳಲಿಲ್ಲ, ಯಾರೂ ಕೇಳಲಿಲ್ಲ. ಹೋಗಲಿ ಎಂದರೆ ಅತ್ತೆಯೇ ಆ ಮಾತನ್ನು ನಂಬಿಬಿಟ್ಟಳು. ತನ್ನ ಬಾಳು ಕೆಟ್ಟದ್ದು ಮುಖದಿಂದಲೇ ಎಂದುಕೊಂಡಳು.

ತೊಂಬತ್ತರ ದಶಕದ ಮೊದಲಲ್ಲಿ, ನಾನು ಕೆ.ಆರ್.ಪೇಟೆಗೆ ಪಿಯುಸಿ ಓದಲು ಬಸ್ಸಿನಲ್ಲಿ ಹೋಗಿಬರುತ್ತಿದ್ದಾಗ, ನನ್ನ ಮೂಗಿನ ಪಕ್ಕವೂ ಗುಳಿಗಳು ಕಾಣತೊಡಗಿದವು. ನನಗಿಂತ ಮೊದಲು ಅದನ್ನು ಕಂಡವಳು ಅತ್ತೆ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ‘ಅಯ್ಯೋ, ನನ್ ಮೊಕ ನಿಂಗ್ ಬಂದ್ಬುಡ್ತಲ್ಲವ್ವ’ ಎಂದಳು. ಅವತ್ತಿನಿಂದ ಅವಳಿಗೆ ಅದೊಂದೇ ಚಿಂತೆ. ನಾಳೆ ನನ್ನನ್ನೂ ಯಾರಾದರೂ ಮುಖದ ನೆಪ ಹೇಳಿ ಇದೇ ಜಗಲಿಗೆ ತಂದು ಬಿಡಬಾರದು.

ಹೆಸರುಹಿಟ್ಟು, ಮೊಸರು, ಟೊಮೆಟೊ ಹೋಳು, ಮೊಟ್ಟೆಯ ಬಿಳಿ, ಪೇಟೆಯಿಂದ ತರಿಸಿದ ಮುಲ್ತಾನಿ ಮಿಟ್ಟಿ, ಹೀಗೆ ನನ್ನ ಮುಖ ಅವಳ ಅಡುಗೆಮನೆಯಾಯಿತು. ಐಸ್‌ಕ್ಯಾಂಡಿ ಮಾರುವವನನ್ನು ಕಾಡಿ ಬಣ್ಣವಿಲ್ಲದ ಐಸು ತಂದು, ಟವೆಲ್ಲಿನಲ್ಲಿ ಸುತ್ತಿ ಒತ್ತುತ್ತಿದ್ದಳು. ಏನೇ ಆಗಲಿ ಮೊದಲು ತನ್ನ ಕೆನ್ನೆಗೆ ಹಚ್ಚಿಕೊಂಡು ನೋಡಬೇಕು, ಆಮೇಲೆಯೇ ನನಗೆ. ‘ನನ್ ಮೊಕ ಎಂಗಾದ್ರೂ ಕೇಳೋರಿಲ್ಲ. ನಿಂದು ಅಂಗಲ್ಲ’ ಎನ್ನುತ್ತಿದ್ದಳು. ಆ ಮಾತಿಗೆ ನಾನು ಜಗಳಕ್ಕೆ ನಿಂತರೆ, ಬಾಯಿಗೂ ಒಂದಿಷ್ಟು ಹಿಟ್ಟು ಮೆತ್ತಿ ಸುಮ್ಮನಾಗಿಸುತ್ತಿದ್ದಳು.

ಒಮ್ಮೆ ವಾರಪತ್ರಿಕೆಯೊಂದರ ಸೌಂದರ್ಯದ ಪುಟವನ್ನು ಅವಳಿಗೆ ಓದಿ ಹೇಳಿದೆ. ಈ ರಂಧ್ರಗಳು ಏನು ಮಾಡಿದರೂ ಮುಚ್ಚಿಹೋಗುವುದಿಲ್ಲವಂತೆ, ಮುಖ ಶುದ್ಧವಾಗಿಟ್ಟುಕೊಂಡರೆ ಸಣ್ಣದಾಗಿ ಕಾಣುತ್ತವಂತೆ, ಅಷ್ಟೇ. ಅತ್ತೆಗೆ ಬೇಸರವೇನೂ ಆಗಲಿಲ್ಲ. ‘ಸಣ್ಣಗ್ ಕಂಡ್ರೆ ಸಾಕು ಕಣವ್ವ. ನೋಡಕ್ ಬರೋರು ಕಣ್ಗ್ ಕಾಣ್ಸಾದ್ನೇ ತಾನೆ ನೋಡದು?’ ಎಂದಳು.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇದ್ದದ್ದು ಹಬೆಯ ಮೇಲೆ. ಗದ್ದೆಯ ಬದಿಯಲ್ಲಿ ನಮ್ಮದೊಂದು ಆಲೆಮನೆಯಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ, ಹಬೆ ಬಡಿಯುವ ಕಡೆ ನನ್ನನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಇಬ್ಬರ ತಲೆಯ ಮೇಲೂ ಒಂದೇ ಸೀರೆ ಹೊದಿಸುತ್ತಿದ್ದಳು. ಆಮೇಲೆ ನಾಲೆಯ ತಣ್ಣೀರಿನಲ್ಲಿ ಮುಖ ತೊಳೆಸುತ್ತಿದ್ದಳು. ಬೆಲ್ಲ ಬೇಯಿಸುವ ಆಳುಗಳು, ‘ಅಕ್ಕೋ, ಇಬ್ರೂ ಬೆಂದು ಬೆಲ್ಲದಚ್ಚಿಗ್ ಉಯ್ಯಂಗ್ ಆಗಿದ್ದೀರ’ ಎಂದು ನಗುತ್ತಿದ್ದರು.

ಆ ಆಲೆಮನೆಯಿಂದಲೇ ಅವಳಿಗೆ ಕೇಡು ಬಂತು. ಪಾಂಡವಪುರದ ಕಡೆಯವರು ನನ್ನನ್ನು ನೋಡಲು ಬರುವುದೆಂದು ಗೊತ್ತಾಗಿತ್ತು. ಅತ್ತೆಗೆ ಊಟ ಸೇರುತ್ತಿರಲಿಲ್ಲ. ಒಂದು ಸಂಜೆ ನಾವು ಹಬೆಗೆ ಕೂತಿದ್ದಾಗ ಕೊಪ್ಪರಿಗೆಯ ಮುಂದಿದ್ದ ಆಳು ಡಬ್ಬದಿಂದ ಬಿಳಿ ಪುಡಿ ತೆಗೆದು ಕುದಿಯುವ ಹಾಲಿಗೆ ಉದುರಿಸಿದ. ಕಪ್ಪಗಿದ್ದ ಪಾಕ ನೋಡನೋಡುತ್ತ ಹೊಂಬಣ್ಣಕ್ಕೆ ತಿರುಗಿತು.

‘ಏನ್ಲಾ ಅದು?’ ಅತ್ತೆ ಕೇಳಿದಳು.

‘ಐಡ್ರೋಸು ಕಣಕ್ಕ. ಇದಾಕ್ದಿದ್ರೆ ಬೆಲ್ಲ ಬೆಳ್ಳಗಾಗಕಿಲ್ಲ. ಕರೀ ಬೆಲ್ಲವ ಮಂಡ್ಯದ ಮಂಡಿಯೋರು ಮೂಸೂ ನೋಡಕಿಲ್ಲ.’

ಆಳು ಅತ್ತ ತಿರುಗಿದಾಗ ಅತ್ತೆ ಒಂದು ಹಿಡಿ ಪುಡಿಯನ್ನು ಸೆರಗಿಗೆ ಕಟ್ಟಿಕೊಂಡದ್ದು ಆಗ ಯಾರಿಗೂ ಕಾಣಲಿಲ್ಲ.

ಮಾರನೆಯ ದಿನ ಬಚ್ಚಲಿನಿಂದ ಕೆಟ್ಟ ಘಾಟು ಬಂತು. ಬಾಗಿಲು ನೂಕಿದರೆ ಅತ್ತೆ ಎಡಗೆನ್ನೆಗೆ ಆ ಪುಡಿಯನ್ನು ಮೊಸರಿನಲ್ಲಿ ಕಲಸಿ ಮೆತ್ತಿಕೊಂಡು, ಹಲ್ಲು ಕಚ್ಚಿ ಕೂತಿದ್ದಳು. ಉರಿಯುತ್ತಿದ್ದರೂ ತೊಳೆದುಕೊಂಡಿರಲಿಲ್ಲ. ಉರಿಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದಳಂತೆ. ನಾನು ತಂಬಿಗೆ ತಂಬಿಗೆ ನೀರು ಸುರಿದೆ. ಚರ್ಮ ಬೊಬ್ಬೆಯೆದ್ದು ಸುಲಿದುಬಂತು. ಆ ನೋವಿನಲ್ಲೂ ಅವಳು ಹೇಳಿದ್ದು, ‘ನೀ ಮುಟ್ಬ್ಯಾಡ ಕಣವ್ವ. ಇದ್ ನಿಂಗ್ ಆಗಕಿಲ್ಲ.’

ಆಸ್ಪತ್ರೆಯಿಂದ ಪಟ್ಟಿ ಕಟ್ಟಿಸಿಕೊಂಡು ಬಂದವಳನ್ನು ನೋಡಿ ಅಪ್ಪ, ‘ನಿಂದು ಕೆಡುಸ್ಕಂಡಿದ್ದು ಸಾಲ್ದು ಅಂತ ಇವಳ್ದೂ ಕೆಡುಸ್ತೀಯಾ? ಅವ್ರು ಬಂದಾಗ ಈಚೆಗ್ ಬಂದ್ಗಿಂದೀಯೆ’ ಎಂದು ಅಬ್ಬರಿಸಿದರು. ಗಂಡಿನ ಕಡೆಯವರು ಬಂದ ದಿನ ಅತ್ತೆ ಬೆಳಗಿನಿಂದ ಹಸುಗಳ ಜೊತೆ ಕೊಟ್ಟಿಗೆಯಲ್ಲಿದ್ದಳು.

ಬಂದವರು ನನ್ನ ಮುಖ ನೋಡಿದ್ದು ಕಾಫಿ ಲೋಟ ತೆಗೆದುಕೊಳ್ಳುವಷ್ಟು ಹೊತ್ತು. ಗದ್ದೆ ನೋಡಲು ಹೋದವರು ಹೊತ್ತು ಇಳಿದ ಮೇಲೆ ವಾಪಸಾದರು. ಗಂಡಿನ ತಾಯಿ ಎಲೆಅಡಿಕೆ ಮಡಚುತ್ತ ಅಮ್ಮನಿಗೆ ಹೇಳಿದರು: ‘ಮೊಕದಲ್ಲೇನದೆ ಬುಡಿ, ಪೌಡ್ರು ಬಳ್ಕಂಡ್ರೆ ಮುಚ್ಕತದೆ. ನಾಲೆ ನೀರು ವರ್ಸಪೂರ್ತಿ ಬತ್ತದಾ?’

ಅವರು ಹೋದ ಮೇಲೆ ಕೊಟ್ಟಿಗೆಗೆ ಓಡಿದೆ. ಅತ್ತೆ ಎದ್ದು ನಿಂತು, ‘ಮೊಕದ್ದೇನಂದ್ರು?’ ಎಂದಳು. ಏನೂ ಅನ್ನಲಿಲ್ಲ ಎಂದೆ. ‘ನೋಡ್ದಾ, ಅಬೆ ಇಡಿದಿದ್ದು ದಂಡ ಆಗ್ನಿಲ್ಲ’ ಎಂದು ಪಟ್ಟಿಯೊಳಗಿಂದಲೇ ನಕ್ಕಳು. ಅವಳಿಗೆ ಗದ್ದೆಯ ಮಾತನ್ನು ನಾನು ಹೇಗೆ ಹೇಳಲಿ? ಹೇಳಲಿಲ್ಲ. ಮದುವೆಯಲ್ಲೂ ಅವಳನ್ನು ಆರತಿಗೆ ಕರೆಯಲಿಲ್ಲ. ಅಡುಗೆಯವರ ನಡುವೆ ನಿಂತು ನನ್ನ ಧಾರೆ ನೋಡಿದಳು.

ಗಾಯ ಮಾದ ಮೇಲೆ ಎಡಗೆನ್ನೆಯ ಚರ್ಮ ತೆಳ್ಳಗೆ, ಹೊಳೆಯುವಂತೆ ಬಂದಿತ್ತು. ತವರಿಗೆ ಹೋದಾಗೆಲ್ಲ ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿ, ‘ಈ ಕಡೆ ಒಂದೂ ತೂತಿಲ್ಲ ನೋಡವ್ವ’ ಎಂದು ನಗುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆ ದಶಕ ಮುಗಿಯುವ ಮೊದಲೇ ಜ್ವರ ಹಿಡಿದು ತೀರಿಕೊಂಡಳು. ನಾನು ಪಾಂಡವಪುರದಿಂದ ಬರುವಷ್ಟರಲ್ಲಿ ಮೈ ತೊಳೆದು, ಅರಿಸಿನ ಹಚ್ಚಿ, ಅದೇ ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಲಗೆನ್ನೆಯ ಗುಳಿಗಳಲ್ಲಿ ಅರಿಸಿನ ಕೂತಿತ್ತು. ಎಡಗೆನ್ನೆ ಕಾಣದಂತೆ ಯಾರೋ ಸೆರಗು ಎಳೆದಿದ್ದರು. ನಾಗಮಂಗಲದಿಂದ ಅವಳ ಗಂಡನೂ ಬಂದಿದ್ದ, ಇಷ್ಟು ವರ್ಷಕ್ಕೆ ಮೊದಲ ಸಲ. ಕೈ ಕಟ್ಟಿ ನಿಂತು, ‘ಮೊಕ ಯಾಕ್ ಮುಚ್ಚವ್ರೆ?’ ಎಂದು ಕೇಳಿದ.

ನಾನು ಮುಂದೆ ಹೋಗಿ ಸೆರಗು ಸರಿಸಿದೆ. ‘ನೋಡಿ ಮಾವ, ಚೆನ್ನಾಗ್ ನೋಡಿ. ಈ ಕಡೆ ಒಂದೂ ತೂತಿಲ್ಲ’ ಎಂದೆ.

ಅವನು ಒಂದು ಗಳಿಗೆ ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿ, ವಾಪಸ್ ಹೋಗಲು ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದ.