ಡಿಸ್ಕಿಗೆ ಹಚ್ಚಿದ ಭಂಡಾರ

ಅಕ್ಕಲಕೋಟದ ನನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಮೊದಲ ದಿನ ಯಾವ ಮಷಿನ್ನನ್ನೂ ಶುರು ಮಾಡಿಸುವುದಿಲ್ಲ. ವೈರುಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಹರವಿಬಿಡುತ್ತೇನೆ. ಕೀಬೋರ್ಡು, ಮೌಸು, ಸ್ಕ್ಯಾನರ್ ಒಳಗೆ ಕಳಿಸುವವು. ಮಾನಿಟರ್, ಪ್ರಿಂಟರ್, ಸ್ಪೀಕರ್ ಹೊರಗೆ ಕೊಡುವವು. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಇಟ್ಟುಕೊಳ್ಳುವವು. ಯಾವ ಪಿನ್ನು ಎಲ್ಲಿಗೆ ಎಂದು ಮಕ್ಕಳೇ ಹುಡುಕಿ ಜೋಡಿಸಬೇಕು. ಪಾಠ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಬೈಯುವುದರಲ್ಲಿ ನನ್ನ ಕೀರ್ತಿ ಮೈಂದರ್ಗಿಯವರೆಗೂ ಹೋಗಿದೆ. ಕೊನೆಗೆ ಎಲ್ಲರ ಬಾಯಿಂದಲೂ ಒಂದು ಮಾತು ಹೇಳಿಸುತ್ತೇನೆ: ಏನೇ ಕೆಟ್ಟರೂ ಮೊದಲು ಕೇಬಲ್ ನೋಡಬೇಕು, ಆಮೇಲೆ ಮಷಿನ್ನಿನ ಮೇಲೆ ತಪ್ಪು ಹೊರಿಸಬೇಕು.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ನಾನು ಸೋಲಾಪುರದಲ್ಲಿ ಬೆಳೆದವಳು. ಕೊಟ್ಟದ್ದು ಹನ್ನೂರಿನ ಕುರಿಗಾರರ ಮನೆಗೆ. ಕುರಿ ಮಾರಿ ಮನೆಯವರೆಲ್ಲ ಅಕ್ಕಲಕೋಟಕ್ಕೆ ಬಂದ ಮೇಲೆ ಅತ್ತೆಗೆ ಹೊತ್ತು ಹೋಗುತ್ತಿರಲಿಲ್ಲ. ಕ್ಲಾಸಿನ ಮೂಲೆಯಲ್ಲಿ ಕೂತು ಉಣ್ಣೆ ನೂಲುತ್ತ, ಕುರಿಗಾರರ ದೇವರು ಬೀರೋಬನ ಹಾಡುಗಳನ್ನು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಆ ಹಾಡುಗಳು ಅವರಿಗೆ ಅವರ ಅತ್ತೆಯಿಂದ ಬಂದಿದ್ದವು, ಮುಂದೆ ನನಗೆ ಬರಬೇಕಾಗಿದ್ದವು. ಕೂತು ಕಲಿಯುವ ಪುರಸೊತ್ತು ನನಗೆಲ್ಲಿತ್ತು? ಒಂದು ಬೇಸಿಗೆ ಪೂರ್ತಿ ಮೊಬೈಲಿನಲ್ಲಿ ಹಿಡಿದುಕೊಂಡೆ. ಮೊಬೈಲು ತುಂಬಿದಾಗ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಮೊಬೈಲಿನಿಂದ ಅಳಿಸಿದೆ.

"ಎಲ್ಲಾ ಹಾಡು ಈ ಡಬ್ಬ್ಯಾಗ ಅದಾವೇನವ್ವ?" ಎಂದು ಅತ್ತೆ ಅದನ್ನು ಅಂಗೈ ಮೇಲಿಟ್ಟುಕೊಂಡು ಕೇಳಿದ್ದರು.

"ಹೂಂ ರಿ ಅತ್ತಿ. ಇದು ನಿಮ್ಮ ಹಗೇವು ಇದ್ದಂಗ."

ಹಗೇವು ಎಂದರೆ ನೆಲದೊಳಗೆ ತೋಡಿ, ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚುವ ಕಣಜ. ಅತ್ತೆ ಸ್ವಲ್ಪ ಯೋಚಿಸಿ, "ಎಲ್ಲಾ ಜ್ವಾಳ ಒಂದ ಹಗೇವಿನ್ಯಾಗ ಯಾರರ ಹಾಕ್ತಾರೇನ? ನೀರ ಹೊಕ್ಕರ?" ಅಂದರು. ನಾನು ನಕ್ಕುಬಿಟ್ಟೆ. ಎರಡು ಪ್ರತಿ ಇಡಿ ಎಂದು ದಿನಾ ಮಕ್ಕಳಿಗೆ ಬಡಿದುಕೊಳ್ಳುವವಳು ನಾನೇ, ನಕ್ಕವಳೂ ನಾನೇ.

ಆ ವರ್ಷ ಖಂಡೇನವಮಿಗೆ ಅತ್ತೆ ಕ್ಲಾಸಿನ ಆಯುಧಪೂಜೆಯನ್ನು ತಾವೇ ವಹಿಸಿಕೊಂಡರು. ಕುರಿಯ ಉಣ್ಣೆ ಕತ್ತರಿಸುವ ಹಳೆಯ ಕತ್ತರಿಯನ್ನೂ ತಂದು ಪ್ರಿಂಟರ್ ಪಕ್ಕಕ್ಕೆ ಇಟ್ಟರು. ನಮ್ಮಲ್ಲಿ ಪೂಜೆಯೆಂದರೆ ಭಂಡಾರ, ಅಂದರೆ ದೇವರ ಅರಿಶಿನಪುಡಿ. ಒಂದೊಂದರ ಹೆಸರು ಕೇಳುತ್ತ ಎಲ್ಲಕ್ಕೂ ಚಿಟಿಕೆ ಚಿಟಿಕೆ ಹಚ್ಚಿದರು. ಡಿಸ್ಕಿಗೆ ಮಾತ್ರ ಹಿಡಿ ತುಂಬ.

"ಇದಕ್ಕ ಜಾಸ್ತಿ ಹಚ್ಚೀನಿ ನೋಡವ್ವ. ನನ್ನ ಹಾಡು ಇದರಾಗ ಅದಾವಲ್ಲ."

ಮರುದಿನ ದಸರೆ. ಮಕ್ಕಳು ಬನ್ನಿ ಕೊಡಲು ಬಂದಿದ್ದರು. ಅಜ್ಜಿಯ ಹಾಡು ಕೇಳಿಸಿ ಎಂದು ಒಬ್ಬಳು ಹಟ ಹಿಡಿದಳು. ಡಿಸ್ಕು ಜೋಡಿಸಿದೆ. ದೀಪ ಹತ್ತಲಿಲ್ಲ. ತಿರುಗಿಸಿ ನೋಡಿದರೆ ಪಿನ್ನು ಕೂರುವ ಜಾಗದ ತುಂಬ ಹಳದಿ. ನನ್ನ ತಲೆ ಕೆಟ್ಟಿತು.

"ಏನ್ ಮಾಡಿಟ್ರಿ ಅತ್ತಿ ಇದನ್ನ? ಭಂಡಾರ ತುಂಬಿ ಕೊಂದೇಬಿಟ್ರಿ. ತಿಳೀಲಾರದ್ದಕ್ಕ ಯಾಕ ಕೈ ಹಾಕ್ತೀರಿ?"

ಹತ್ತು ಹನ್ನೆರಡು ಮಕ್ಕಳ ಮುಂದೆ ಅಂದೆ. ಅತ್ತೆ, "ದೇವರ ಭಂಡಾರ ಅಲ್ಲೇನವ್ವ ಅದು," ಅಂದರು, ಅಷ್ಟೇ. ಕೈಯಲ್ಲಿದ್ದ ಬನ್ನಿಯನ್ನು ಕಿಟಕಿಯಲ್ಲಿಟ್ಟು ಮನೆಗೆ ಹೋದರು. ಆ ದಸರೆಗೆ ನಾನು ಅವರಿಗೆ ಬನ್ನಿ ಕೊಡಲಿಲ್ಲ, ಕಾಲು ಮುಟ್ಟಲಿಲ್ಲ.

ಆ ಮೇಲೆ ಅವರು ಕ್ಲಾಸಿಗೆ ಕಾಲಿಡಲಿಲ್ಲ. ಎರಡು ಮೂರು ತಿಂಗಳಿಗೆ ನನ್ನ ಸಿಟ್ಟು ಇಳಿದು, "ಇನ್ನೊಮ್ಮೆ ಹಾಡ್ರಿ ಅತ್ತಿ, ಮೊಬೈಲಿನ್ಯಾಗ ಹಿಡೀತೀನಿ," ಎಂದು ಕೇಳಿದೆ.

"ಬ್ಯಾಡವ್ವ. ನಾ ಮುಟ್ಟಿದರ ಕೆಡತಾವ," ಅಂದರು. ಕುಹಕವಿರಲಿಲ್ಲ, ನಿಜವಾಗಿಯೂ ಹಾಗೆಂದು ನಂಬಿದ್ದರು.

ಸಾಮಾನು ತರಲು ವಾರಕ್ಕೊಮ್ಮೆ ಸೋಲಾಪುರಕ್ಕೆ ಹೋಗುತ್ತಿದ್ದೆ. ಡಿಸ್ಕನ್ನು ಒಂದು ಸಲವೂ ರಿಪೇರಿಗೆ ಒಯ್ಯಲಿಲ್ಲ. ಸತ್ತದ್ದಕ್ಕೆ ಯಾಕೆ ಔಷಧ ಎಂದುಕೊಳ್ಳುತ್ತಿದ್ದೆ. ಒಳಗಿನ ಮಾತು ಬೇರೆ: ಅದು ಕೆಟ್ಟೇ ಇರಬೇಕಾಗಿತ್ತು. ಇಲ್ಲವಾದರೆ ನಾನಾಡಿದ ಮಾತಿಗೆ ಆಧಾರವೇನು?

ಎರಡನೆಯ ವರ್ಷ ಅತ್ತೆ ಹಾಸಿಗೆ ಹಿಡಿದರು. ನೀರು ಕುಡಿಸಲು ಹೋದಾಗ ಒಮ್ಮೆ, "ಆ ಹಾಡು ಬಂದೂವೇನವ್ವ?" ಎಂದು ಕೇಳಿದರು. "ಎಲ್ಲಿಂದ ಬರ್ತಾವ್ರಿ," ಅಂದೆ. ಆ ವಾರವೇ ಹೋದರು.

ಮುಂದೆ ಪ್ರಿಂಟರ್ ರಿಪೇರಿಗೆಂದು ಸೋಲಾಪುರದ ಅಂಗಡಿಗೆ ಹೋದಾಗ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡೆ. ಸಿಟ್ಟು ಸಾಧಿಸಲು ಈಗ ಎದುರಿಗೆ ಯಾರೂ ಇರಲಿಲ್ಲ. ಅಂಗಡಿಯವ ಡಿಸ್ಕನ್ನು ಮೇಜಿಗೆ ಕುಟ್ಟಿದ, ಹಳದಿ ಪುಡಿ ಉದುರಿತು. ಒಮ್ಮೆ ಊದಿ, ತನ್ನ ಕೇಬಲ್ ಹಚ್ಚಿದ. ದೀಪ ಹತ್ತಿತು.

"ಡಿಸ್ಕ್ ಛಲೋ ಐತ್ರಿ ಮೇಡಂ. ನಿಮ್ಮ ಕೇಬಲ್ಲ ಒಳಗ ಹರದೈತಿ. ಬಿಗದು ಸುತ್ತಿ ಇಡತಿದ್ರೇನು?"

ಸುತ್ತಿಡುತ್ತಿದ್ದೆ. ದಿನಾ ಸಂಜೆ, ನೂಲಿನ ಉಂಡೆ ಮಾಡಿದಂತೆ ಡಿಸ್ಕಿನ ಸುತ್ತ ಬಿಗಿದು ಸುತ್ತುತ್ತಿದ್ದೆ. ಆ ತರದ ಚಪ್ಪಟೆ ಪಿನ್ನಿನ ಕೇಬಲ್ ಕ್ಲಾಸಿನಲ್ಲಿ ಒಂದೇ ಇತ್ತು. ಇನ್ನೊಂದು ತರಿಸಿ ನೋಡಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

"ಮತ್ತ ಈ ಭಂಡಾರ?" ಎಂದು ಕೇಳಿದೆ.

"ಅದರಿಂದ ಏನಾಗತೈತ್ರಿ? ಊದಿದರ ಹೋತು."

ಆ ಹಾಡುಗಳು ಈಗ ಐದು ಕಡೆ ಇವೆ. ಹನ್ನೂರಿನ ನೆಂಟರಿಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟಿದ್ದೇನೆ. ಹಾಡು ಸಿಕ್ಕವು ಎಂದು ಊರಿಗೆಲ್ಲ ಹೇಳಿದೆ, ಹೇಳಬೇಕಾದವರಿಗೆ ಹೇಳಲಾಗಲಿಲ್ಲ. ತಪ್ಪು ತಮ್ಮದೆಂದುಕೊಂಡೇ ಅತ್ತೆ ಹೋದರು. ಇದು ನನ್ನನ್ನು ಬಿಡುವುದಿಲ್ಲ.

ಕೊನೆಯ ಹಾಡು ಮುಗಿದ ಮೇಲೂ ರೆಕಾರ್ಡು ಸ್ವಲ್ಪ ಹೊತ್ತು ಓಡುತ್ತದೆ. ನಿಲ್ಲಿಸಲು ಮರೆತಿದ್ದೆ. "ಎಲ್ಲಾ ಕೂತ್ವೇನವ್ವ ಒಳಗ?" ಎಂದು ಅತ್ತೆ ಕೇಳುತ್ತಾರೆ. ಆಮೇಲೆ ನನ್ನದೇ ದನಿ, ಚೇಷ್ಟೆಯದು: "ಕೂತ್ವು ರಿ ಅತ್ತಿ. ಇನ್ನ ನಿಮ್ಮ ಕೈಲಿಂದ ಸುದ್ದಾ ಕೆಡಂಗಿಲ್ಲ."

ಅತ್ತೆ ನಗುತ್ತಾರೆ.