ಬಳೆಯ ಬರೆ ಮತ್ತು ಉದ್ದನೆಯ ಲೆನ್ಸು

ಮನುಷ್ಯರ ಮುಖವನ್ನು ತೀರ ಹತ್ತಿರದಿಂದ ನೋಡುವುದು ನನಗೆ ಮೊದಲಿನಿಂದಲೂ ಆಗಿಬರದು. ಅದೇ ಕೆಲಸ ನನ್ನ ಕೊರಳಿಗೆ ಬಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕೊಪ್ಪಳದಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು, ಮನೆ ಭಾಗ್ಯನಗರದಲ್ಲಿ. ನನ್ನ ಗಂಡ ಕತ್ತಲೆಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದ. ಹೆಂಗಸರು ಬಂದರೆ ಕ್ಯಾಮೆರಾ ನಾನೇ ಹಿಡಿಯಬೇಕು, ಯಾಕೆಂದರೆ ಪರಗಂಡಸಿನ ಮುಂದೆ ಹೆಣ್ಣುಮಕ್ಕಳನ್ನು ಕೂರಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಹೀಗಾಗಿ ಕುಷ್ಟಗಿ, ಯಲಬುರ್ಗಾ ಕಡೆಯವರೂ ಬಸ್ಸು ಹತ್ತಿ ನಮ್ಮಲ್ಲಿಗೇ ಬರುತ್ತಿದ್ದರು.

ಬಂದವರೆಲ್ಲ ಗಂಡಿನ ಕಡೆಯವರಿಗೆ ಕಳಿಸುವ ಫೋಟೋಕ್ಕೇ ಬಂದವರು. ಹುಡುಗಿ ಸ್ಟೂಲಿನ ಮೇಲೆ. ಸುತ್ತ ಚಿಕ್ಕಮ್ಮ, ಸೋದರತ್ತೆ, ಪಕ್ಕದ ಮನೆಯಾಕೆ. ಗದ್ದ ಎತ್ತು, ಹಲ್ಲು ಮುಚ್ಚು, ಕಣ್ಣು ಅಗಲ ಮಾಡು. ಹುಡುಗಿಯ ಮುಖಕ್ಕೆ ಮೆತ್ತಿದ ಪೌಡರು ದೀಪದ ಬಿಸಿಗೆ ಹಿಟ್ಟು ಕಲಸಿದಂತಾಗಿ ಕುತ್ತಿಗೆಗೆ ಇಳಿಯುತ್ತಿತ್ತು. ಅದನ್ನು ಒರೆಸಲು ಬಾಗುವ ಹೆಂಗಸರ ಬಾಯಿಂದ ತಂಬಾಕಿನ ನಾತ. ನೋಡಿ ನೋಡಿ ನನಗೆ ಊಟ ಸೇರುತ್ತಿರಲಿಲ್ಲ.

ಅಳವಂಡಿಯ ಒಬ್ಬ ಹುಡುಗಿಯ ಮೊಗ್ಗಿನ ಜಡೆಯ ಫೋಟೋವನ್ನೂ ನಾನೇ ತೆಗೆದಿದ್ದೆ. ಅಕ್ಕನ ಮದುವೆಗೆ ಹೆಣೆಸಿಕೊಂಡ ಜಡೆ. ಬೆನ್ನು ತಿರುಗಿಸಿ ನಿಲ್ಲಿಸಿ, ಮುಖವನ್ನು ತುಸು ಪಕ್ಕಕ್ಕೆ ಹೊರಳಿಸಿ ತೆಗೆಯುವುದು ಆಗಿನ ರೂಢಿ. ಸೆರಗು ಸರಿಸಿದಾಗ ಎಡಗಿವಿಯ ಹಿಂದೆ, ಕುತ್ತಿಗೆಯ ಮೇಲೆ ಬಿಳಿಚಿಕೊಂಡ ಒಂದು ಗುರುತು ಕಂಡಿತು. ಫೋಟೋದಲ್ಲಿ ಅದು ಸಾಸಿವೆಕಾಳಿನಷ್ಟು. ಹುಡುಗಿ ಒಕ್ಕಲುತನದ ಮನೆಯವಳು, ಹೊಲಿಗೆ ಬಲ್ಲವಳು. ಯಾವಾಗಲೂ ಕುತ್ತಿಗೆ ಸುತ್ತ ಸೆರಗು ಬಿಗಿದುಕೊಂಡೇ ಇರುತ್ತಿದ್ದಳು, ಬೇಸಿಗೆಯಲ್ಲೂ.

ಆ ಫೋಟೋ ಗಂಗಾವತಿಯ ಒಂದು ಮನೆಗೆ ಹೋಯಿತು. ಕಾಲುವೆ ನೀರು ಬಂದ ಮೇಲೆ ಭತ್ತ ಬೆಳೆದು ಮೇಲೆ ಬಂದವರು. ಹುಡುಗಿ ಪಸಂದು ಬಿದ್ದಳು. ಆದರೆ ಗಂಡಿನ ತಾಯಿಯ ಕಣ್ಣಿಗೆ ಆ ಸಾಸಿವೆಕಾಳು ಬಿತ್ತು. ಅಷ್ಟು ಚಿಕ್ಕದು ಕಂಡದ್ದಾದರೂ ಹೇಗೆ ಎಂದು ಕೇಳಬೇಡಿ, ಅಂಥವರಿಗೆ ಕಾಣುತ್ತದೆ. ತಮ್ಮೂರಿನ ಸ್ಟುಡಿಯೋದಲ್ಲಿ ಆ ಫೋಟೋವನ್ನು ಊಟದ ಗಂಗಾಳದಷ್ಟು ದೊಡ್ಡದು ಮಾಡಿಸಿದರು. ದೊಡ್ಡದು ಮಾಡಿದರೆ ಹೆಚ್ಚು ಕಾಣುತ್ತದೆಂದು ಅವರ ತಿಳಿವಳಿಕೆ. ಚಿಕ್ಕ ಫೋಟೋದಲ್ಲಿ ಇಲ್ಲದ್ದು ದೊಡ್ಡದರಲ್ಲಿ ಎಲ್ಲಿಂದ ಬರಬೇಕು? ಸಾಸಿವೆಕಾಳು ಅಂಚುಗಳೆಲ್ಲ ಕಲಸಿ, ಚೆಲ್ಲಿದ ಮಜ್ಜಿಗೆಯ ಹಾಗೆ ಹರಡಿಕೊಂಡಿತು. ತೊನ್ನು ಎಂದರು. ಆ ಮಾತು ಮುಂದಿನ ಬಸ್ಸಿಗೇ ಅಳವಂಡಿ ಮುಟ್ಟಿತು.

ಹುಡುಗಿಯ ಅಪ್ಪ, ಅವರು ವಾಪಸು ಕಳಿಸಿದ ಆ ದೊಡ್ಡ ಫೋಟೋವನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ನಮ್ಮ ಅಂಗಡಿಗೆ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ತೊನ್ನಲ್ರಿ ಅದು. ಕೂಸಿದ್ದಾಗ ಕಾಮಾಲಿ ಆಗಿತ್ತು, ನಮ್ಮವ್ವ ಬಳಿ ಕಾಸಿ ಬರಿ ಹಾಕಿದ್ಲು. ಎಷ್ಟ ಹೇಳಿದ್ರೂ ನಂಬವಲ್ರು. ಹತ್ರದಿಂದ ಸಾಫ್ ಕಾಣೂ ಹಂಗ ಒಂದು ತಗದು ಕೊಡ್ರಿ."

"ಅವ್ರ ಬಂದು ಕಣ್ಣಾರೆ ನೋಡ್ಲಿ," ಎಂದೆ.

"ಹೆಣ್ಣಿನ ಸೆರಗ ತಗಿಸಿ ಕುತ್ತಿಗಿ ನೋಡೂದು ಮರ್ಯಾದಿ ಅಲ್ಲ ಅಂತಾರ್ರಿ. ಫೋಟೋ ಕಳಸ್ರಿ, ನಮ್ಮ ಡಾಕ್ಟರಿಗೆ ತೋರಸ್ತೀವಿ ಅಂದಾರ. ಇದು ಮುರದ್ರ ಮತ್ತ ಯಾರೂ ನಮ್ಮ ಮನಿ ಮೆಟ್ಲ ಹತ್ತೂದಿಲ್ರಿ. ಸಣ್ಣಾಕಿ ಬ್ಯಾರೆ ಅದಾಳ."

ಮರ್ಯಾದೆಯಂತೆ. ಥೂ, ಆ ಶಬ್ದಕ್ಕೂ ಹೇಸಿಗೆ ಬರಿಸಿದ್ದರು. ಹಾಲುಗೂಸಿಗೆ ಕಾಸಿದ ಬಳೆ ಒತ್ತಿದ ಅಜ್ಜಿಯ ಮೇಲೂ ನನಗೆ ಸಿಟ್ಟು ಬಂತು, ಆಕೆ ತೀರಿಹೋಗಿದ್ದರೂ.

ನಮ್ಮ ಲೆನ್ಸಿನಿಂದ ಆ ಕೆಲಸ ಆಗುವಂತಿರಲಿಲ್ಲ. ಮುಖದಿಂದ ಎರಡು ಮಾರು ದೂರ ನಿಂತರೆ ಚೆನ್ನಾಗಿ ಬರುತ್ತಿತ್ತು. ಮೊಳದ ಒಳಗೆ ಹೋದರೆ ಕುರುಡು. ಅದರ ಮುಂದೆ ತಿರುಗಿಸಿ ಹಾಕುವ ಭೂತಗನ್ನಡಿಯಂಥ ಗಾಜೊಂದಿತ್ತು. ಅದನ್ನು ಹಾಕಿ ನನ್ನ ಕೈಯ ಮಚ್ಚೆಯನ್ನೇ ತೆಗೆದೆವು. ನಡುವೆ ಮಾತ್ರ ಸ್ಪಷ್ಟ ಬಂತು, ಸುತ್ತಲೆಲ್ಲ ಎಣ್ಣೆ ಸವರಿದ ಹಾಗೆ. ಇಂಥದ್ದನ್ನು ಕಳಿಸಿದರೆ ತೊನ್ನು ಕುತ್ತಿಗೆ ಬಿಟ್ಟು ಬೆನ್ನಿಗೂ ಹಬ್ಬಿದೆ ಎಂದಾರು. ಹತ್ತಿರದಿಂದ ತೆಗೆಯುವ ಒಂದು ಲೆನ್ಸು ಕೊಳ್ಳಬೇಕೆಂದು ಗಂಡ ಬಹಳ ದಿನದಿಂದ ಹೇಳುತ್ತಿದ್ದ. ಇಬ್ಬರೂ ಹುಬ್ಬಳ್ಳಿಗೆ ಹೋದೆವು.

ಅಂಗಡಿಯವನು ಎರಡು ಇಟ್ಟ. ಒಂದು ಗಿಡ್ಡ, ಒಂದು ಉದ್ದ. ಗಿಡ್ಡದ್ದು ಹಗುರ, ಅಗ್ಗ. ಗಂಡನಿಗೆ ಅದರ ಮೇಲೇ ಮನಸ್ಸು. ಅವನನ್ನೇ ಬಾಗಿಲ ಬೆಳಕಿಗೆ ಕೂರಿಸಿ ಗಿಡ್ಡ ಲೆನ್ಸಿನಲ್ಲಿ ನೋಡಿದೆ. ಗುರುತು ಫೋಟೋ ತುಂಬ ಕಾಣಬೇಕಾದರೆ ಗೇಣಿಗಿಂತ ಹತ್ತಿರ ಹೋಗಬೇಕು. ಹೋದರೆ ನನ್ನ ತಲೆಯ ನೆರಳು ಅವನ ಕೆನ್ನೆಯ ಮೇಲೇ ಬಿತ್ತು. ಮೂಗು ಉಬ್ಬಿ ಬದನೆಕಾಯಿಯಾಯಿತು, ಮೂಗಿನೊಳಗಿನ ಕೂದಲು ಎದ್ದು ನಿಂತವು, ಹಲ್ಲಿನ ಸಂದಿಯಲ್ಲಿ ದಾರಿಯಲ್ಲಿ ಜಗಿದ ಅಡಿಕೆ ಇನ್ನೂ ಇತ್ತು. ಇವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆಯೇ ಅನ್ನಿಸಿತು.

"ಹೆಂಗ ಕಾಣ್ತೀನಿ?" ಎಂದ.

"ಬಾಯಿ ಮುಕ್ಕಳಿಸಿ ಬಾ," ಎಂದೆ.

ಉದ್ದ ಲೆನ್ಸಿನಲ್ಲಿ ಅದೇ ಕೆನ್ನೆಯನ್ನು ಅಷ್ಟೇ ದೊಡ್ಡದಾಗಿ ನೋಡಲು ನಾನು ಹಿಂದೆ ಸರಿದು ನಿಲ್ಲಬಹುದಿತ್ತು. ಬೆಳಕನ್ನು ಪಕ್ಕದಿಂದ ಬಿಡಲು ಜಾಗ ಸಿಗುತ್ತಿತ್ತು. ಚರ್ಮದ ಏರುತಗ್ಗು ಕಾಣುವುದು ಪಕ್ಕದ ಬೆಳಕಿನಲ್ಲಿಯೇ. ಇನ್ನೂ ದೂರ ಸರಿದು ಇಡೀ ಮುಖ ನೋಡಿದರೆ ಮೂಗು ಮೂಗಿನ ಅಳತೆಯಲ್ಲೇ ಇತ್ತು. ಭಾರ ಹೆಚ್ಚು, ಬೆಳಕು ಹೆಚ್ಚು ಬೇಡುತ್ತದೆ, ಮೂರುಕಾಲಿನ ಸ್ಟ್ಯಾಂಡಿಲ್ಲದೆ ಆಗದು ಎಂದು ಅಂಗಡಿಯವನು ಹೇಳಿದ. ಆಗಲಿ ಎಂದೆ. ಯಾರದೋ ಬಾಯಿಯ ವಾಸನೆ ಕುಡಿಯದೆ ಫೋಟೋ ತೆಗೆಯಬಹುದಲ್ಲ, ಅಷ್ಟೇ ಸಾಕಿತ್ತು ನನಗೆ. ಗಂಡ ಮುಖ ಊದಿಸಿಕೊಂಡೇ ಉದ್ದದ್ದನ್ನು ಕೊಂಡ.

ಹುಡುಗಿ ಅಪ್ಪನ ಜೊತೆ ಬಂದಳು. ಸೆರಗನ್ನು ಗುರುತಿನಷ್ಟೇ ಅಗಲ ಸರಿಸಿದಳು. ಅಪ್ಪನನ್ನು ಹೊರಗೆ ಕಳಿಸಿ, ದೀಪವನ್ನು ಪಕ್ಕಕ್ಕೆ ಎಳೆದು ತೆಗೆದೆ. ಫಿಲ್ಮು ತೊಳೆದು ಫೋಟೋ ಮಾಡಿದಾಗ ಗಂಡನೇ ನನ್ನನ್ನು ಕತ್ತಲೆಕೋಣೆಗೆ ಕರೆದ. ಬಳೆಯ ತುಂಡಿನ ಬಾಗು, ಅದರ ಎರಡೂ ಅಂಚು, ನಡುವೆ ನಿರಿಗೆಗಟ್ಟಿದ ಚರ್ಮ, ಎಲ್ಲ ಕೂದಲೆಳೆಯಷ್ಟು ಸ್ಪಷ್ಟ. ಕುರುಡನೂ ಅದನ್ನು ತೊನ್ನು ಅನ್ನಲಾರ. ಅಪ್ಪ ಒಂದು ಪ್ರತಿಯನ್ನು ಲಕೋಟೆಗೆ ಹಾಕಿಸಿಕೊಂಡು ಅಲ್ಲಿಂದಲೇ ಗಂಗಾವತಿಯ ಬಸ್ಸು ಹತ್ತಿದ. ಇನ್ನೊಂದು ನಮ್ಮ ಮೇಜಿನ ಗಾಜಿನ ಕೆಳಗೆ ಉಳಿಯಿತು.

ಮತ್ತೆ ಬಂದಾಗ ಅವನ ಮುಖದಲ್ಲಿ ಸಂತೋಷವಿತ್ತು, ಸಂಕೋಚವೂ ಇತ್ತು. ಮಗಳನ್ನು ಕರೆತಂದಿದ್ದ.

"ತೊನ್ನಲ್ಲ ಅಂತ ಖಾತ್ರಿ ಆತಂತ್ರಿ. ಫೋಟೋ ಭಾಳ ಛಲೋ ಬಂದೈತಿ ಅಂದ್ರು. ಇಷ್ಟ ಸಾಫ್ ಬರೂದಾದ್ರ..." ಮಗಳ ಕಡೆ ಬೆನ್ನು ತಿರುಗಿಸಿದ. "ಹಲ್ಲಿಂದು ಒಂದು, ಮ್ಯಾಲಿನ ತುಟಿದು ಒಂದು ಕಳಸ್ರಿ ಅಂದಾರ. ಮೀಸಿ ಏನರ ಅದಾವೇನು ಅಂತ. ಕಾಲಿನ ಹಿಮ್ಮಡಿನೂ."

ಸಂತೆಯಲ್ಲಿ ಎತ್ತಿನ ಬಾಯಿ ತೆರೆಸುವವರಾದರೂ ಎದುರಿಗೆ ಬಂದು ನಿಲ್ಲುತ್ತಾರೆ. ಇವರು ಗಂಗಾವತಿಯಲ್ಲಿ ಕೂತು ನನ್ನ ಲೆನ್ಸಿನಿಂದ ತೆರೆಸುತ್ತಿದ್ದಾರೆ. ಇದಕ್ಕೇನು ನಾನು ಹುಬ್ಬಳ್ಳಿಯವರೆಗೆ ಹೋಗಿ ಆರಿಸಿ ತಂದದ್ದು? ಬಾಯಿಗೆ ಬಂದದ್ದನ್ನು ಅನ್ನುವವಳಿದ್ದೆ. ಅಪ್ಪನ ಮುಖ ನೋಡಿ ತಡೆದುಕೊಂಡೆ.

ಹುಡುಗಿ ನಮ್ಮ ಮಾತು ಕೇಳುತ್ತಿರಲಿಲ್ಲ. ಮೇಜಿನ ಗಾಜಿನ ಮೇಲೆ ಬಾಗಿದ್ದಳು.

"ಇದು ಯಾರದ್ರಿ?"

"ನಿಂದ. ಅವತ್ತು ತಗದದ್ದು."

ಎಡಗೈ ಬೆರಳು ತಾನಾಗಿ ಕಿವಿಯ ಹಿಂದೆ ಹೋಯಿತು. ಅಲ್ಲಿ ಮುಟ್ಟುತ್ತ, ಇಲ್ಲಿ ನೋಡುತ್ತ ನಿಂತಳು.

"ನಾ ಇದನ್ನ ನೋಡೇ ಇದ್ದಿಲ್ರಿ," ಎಂದಳು. "ಕೈಗೆ ಹತ್ತತಿತ್ತು, ಕಣ್ಣಿಗೆ ಬಿದ್ದಿದ್ದಿಲ್ಲ. ಫೋಟೋದಾಗ ಮಂದಿ ಎಲ್ಲಾ ನೋಡ್ಯಾರ." ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೇ ಏನ್ರಿ?" ಎಂದಳು.

"ಇಷ್ಟೇ," ಎಂದೆ.

ಅಪ್ಪ ಸ್ಟೂಲು ತೋರಿಸಿದ. "ಕುಂಡ್ರವಾ, ಹೊತ್ತಾಗತೈತಿ."

"ಕುಂಡ್ರೂದಿಲ್ಲ. ಹುಡಗಿ ಒಲ್ಲೆ ಅಂದ್ಲು ಅಂತ ಅವ್ರಿಗೆ ಹೇಳಿ ಕಳಸು."

ಅಪ್ಪ ನನ್ನ ಮುಖ ನೋಡಿದ, ನಾನೇನಾದರೂ ಬುದ್ಧಿ ಹೇಳುವೆನೆಂದು. ನಾನು ಲೆನ್ಸಿಗೆ ಮುಚ್ಚಳ ಹಾಕಿ, ದೀಪ ಆರಿಸಿದೆ. ಗಾಜಿನ ಕೆಳಗಿನ ಫೋಟೋ ತೆಗೆದು ಅವಳಿಗೆ ಕೊಟ್ಟೆ.

ಬಾಗಿಲಲ್ಲಿ ಅವಳು ಜಡೆಯನ್ನು ಎಳೆದು ಎದೆಯ ಮೇಲೆ ಹಾಕಿಕೊಂಡಳು. ಕುತ್ತಿಗೆ ಬರಿದಾಯಿತು. "ಸೆರಗು ಹೊದ್ಕೊಳವಾ, ಬಜಾರ ಐತಿ," ಎಂದು ಅಪ್ಪ ಮೆಲ್ಲಗೆ ಹೇಳಿದ.

"ಸೆಕಿ ಭಾಳ ಐತಿ," ಎಂದು ಅವಳು ರಸ್ತೆಗೆ ಇಳಿದಳು.