ಒಂದು ದಿನ ಮೊದಲೇ ಬಂದ ಕೇಕ್

ಆಗಿನ್ನೂ ಅಬುಧಾಬಿಯಲ್ಲಿ ಶುಕ್ರವಾರವೇ ರಜೆ. ನಾವಿದ್ದದ್ದು ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಅಂಥದೊಂದು ಶುಕ್ರವಾರ ಸಂಜೆ ನಾನು ಡಾನಾ ಆಂಟಿಯ ಅಡುಗೆಮನೆಯಲ್ಲಿ, ಮೇಜಿನ ಎಡಗಡೆ, ಫ್ರಿಜ್ಜಿಗೆ ಬೆನ್ನು ತಾಗಿಸಿ ನಿಂತಿದ್ದೆ. ನನಗೆ ಒಂಬತ್ತು ವರ್ಷ. ಅಲ್ಲಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅಪ್ಪನ ಕಂಪನಿ ಆ ಮಹಡಿಯ ಮೂರು ಫ್ಲ್ಯಾಟುಗಳನ್ನು ಮೂವರು ಎಂಜಿನಿಯರುಗಳಿಗೆ ಕೊಟ್ಟಿತ್ತು. ಧಾರವಾಡದ ನಾವು ನಡುವೆ. ಒಂದು ಕಡೆ ಅಮೆರಿಕದ ಡಾನಾ ಆಂಟಿ ಮತ್ತು ಅವರ ಮಗ ಟೈಲರ್. ಇನ್ನೊಂದು ಕಡೆ ಜರ್ಮನಿಯ ಇಂಗ್ರಿಡ್ ಆಂಟಿ ಮತ್ತು ಅವರ ಮಗಳು ಲೇನಾ. ಹಗಲೆಲ್ಲ ಬಾಗಿಲುಗಳು ತೆರೆದೇ ಇರುತ್ತಿದ್ದವು. ಕಾರಿಡಾರಿನಲ್ಲಿ ನಮ್ಮ ಕ್ರಿಕೆಟ್. ಡಾನಾ ಆಂಟಿಯ ಓವನ್ನಿನ ಬಿಸ್ಕತ್ತಿನ ವಾಸನೆಗೆ ನಮ್ಮ ಮನೆಯ ಬೆಳ್ಳುಳ್ಳಿ ಒಗ್ಗರಣೆ ಬೆರೆತು ಒಂದು ವಿಚಿತ್ರ ಘಮ ಲಿಫ್ಟಿನವರೆಗೂ ಇರುತ್ತಿತ್ತು.

ಇಬ್ಬರು ಆಂಟಿಯರೂ ಬೇರೆಬೇರೆ ಹೊತ್ತಿನಲ್ಲಿ ಬಂದು ನಮ್ಮಲ್ಲಿ ಚಹಾ ಕುಡಿಯುತ್ತಿದ್ದರು. ಅಮ್ಮನ ಇಂಗ್ಲಿಷ್ ಅಷ್ಟಕ್ಕಷ್ಟೆ. ನಡುವೆ ದುಭಾಷಿ ನಾನು.

"ಅಮೆರಿಕದವರು ಹೇಗಿದ್ದೀರಿ ಅಂತ ಕೇಳ್ತಾರೆ, ಉತ್ತರಕ್ಕೆ ನಿಲ್ಲೋದಿಲ್ಲ," ಎನ್ನುವುದು ಇಂಗ್ರಿಡ್ ಆಂಟಿಯ ದೂರು. "ಹಲ್ಲು ಕಾಣಿಸಿದ್ರೆ ಸ್ನೇಹ ಆಯ್ತು ಅಂದ್ಕೊಂಡಿದಾರೆ."

ಡಾನಾ ಆಂಟಿಯದು ಇನ್ನೊಂದು: "ಜರ್ಮನ್ನರಿಗೆ ನಗೋದಕ್ಕೂ ನಿಯಮದ ಪುಸ್ತಕ ಬೇಕು. ಲೇನಾಳ ಅಮ್ಮ ನಕ್ಕಿದ್ದು ನೋಡಿದೀಯಾ ನೀನು?"

ಅವರು ಹೋದ ಮೇಲೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಇಬ್ಬರೂ ಬೆಳ್ಳಗಿದ್ದಾರ, ಎರಡೂ ಮನಿ ಒಂದ ಅನ್ಕೊಂಡಿದ್ದೆ. ನಮ್ಮ ಓಣಿಗಿಂತ ಜಗಳ ಜಾಸ್ತಿ ಅದ ಇಲ್ಲೆ!"

ಲೇನಾಳ ಹುಟ್ಟುಹಬ್ಬ ಶನಿವಾರ. ಶನಿವಾರ ಶಾಲೆ ಇತ್ತು. ಹಾಗಾಗಿ ಡಾನಾ ಆಂಟಿ ಗುಟ್ಟಾಗಿ ಶುಕ್ರವಾರವೇ ಕೇಕ್ ಮಾಡಿ, ಬಲೂನು ಕಟ್ಟಿ, ಏನೋ ನೆಪ ಹೇಳಿ ತಾಯಿ ಮಗಳನ್ನು ಕರೆಸಿದರು. ಅವರು ಒಳಗೆ ಬಂದೊಡನೆ ಅಮ್ಮ, ನಾನು, ಟೈಲರ್ ಎಲ್ಲರೂ ಒಟ್ಟಿಗೆ ಹ್ಯಾಪಿ ಬರ್ತ್‌ಡೇ ಎಂದು ಕೂಗಿದೆವು. ಲೇನಾ ಕುಣಿದಳು.

ಇಂಗ್ರಿಡ್ ಆಂಟಿಯ ಮುಖ ಬಿಳಿಚಿಕೊಂಡಿತು. ನೇರ ಮೇಜಿಗೆ ಬಂದು, ಉರಿಯುತ್ತಿದ್ದ ಮೇಣದಬತ್ತಿಗಳನ್ನು ಬೆರಳಿನಿಂದ ಹಿಸುಕಿ ಆರಿಸಿದರು. ಊದಲಿಲ್ಲ. ಒಂದಾದ ಮೇಲೆ ಒಂದು.

"ಇವತ್ತಲ್ಲ. ನಾಳೆ."

"ಒಂದೇ ದಿನ, ಇಂಗ್ರಿಡ್! ಕೇಕಿಗೂ ಕಾನೂನಾ?"

"ನಿಮಗೆ ರಜೆ ಅಂತ ನನ್ನ ಮಗಳು ಇವತ್ತು ಹುಟ್ಟೋದಿಲ್ಲ."

"ನಗೋಕೆ ಬರದವರಿಗೆ ಪಾರ್ಟಿ ಮಾಡಿದ್ದು ನನ್ನ ತಪ್ಪು."

"ಬಾ ಲೇನಾ. ಇನ್ನು ಈ ಮನೆಗೆ ಬರೋದು ಬೇಡ."

ಲೇನಾ ಅಳತೊಡಗಿದಳು. ಟೈಲರ್ ಮೇಜಿನಡಿ ಸೇರಿಕೊಂಡ. ಆ ಊರಿನಲ್ಲಿ ನನಗಿದ್ದ ಗೆಳೆಯರು ಇವರಿಬ್ಬರೇ.

ಅಮ್ಮ ಹೋಗಿ ಬಾಗಿಲಲ್ಲಿ ಇಂಗ್ರಿಡ್ ಆಂಟಿಯ ಕೈ ಹಿಡಿದಳು. ನನ್ನ ಕಡೆ ತಿರುಗಿ, "ಮೊದಲ ಮಾಡಿದ್ರ ಏನಾಗ್ತದಂತ ಕೇಳೋ," ಎಂದಳು.

ಕೇಳಿದೆ. ಇಂಗ್ರಿಡ್ ಆಂಟಿ ತಡವರಿಸಿದರು. ದಿನ ಬರುವ ಮುನ್ನ ಹಾರೈಸಿದರೆ ಕೇಡು, ತಮ್ಮ ಕಡೆ ಯಾರೂ ಹಾಗೆ ಮಾಡುವುದಿಲ್ಲ ಎಂದರು. "ಬೇರೆ ಏನನ್ನೂ ನಂಬೋಳಲ್ಲ ನಾನು. ಆದರೆ ಇವಳ ವಿಷಯದಲ್ಲಿ ಹೆದರಿಕೆ."

"ಅಷ್ಟ ಏನು? ನಮ್ಮಲ್ಲೂ ಕೂಸು ಹುಟ್ಟೂತನಕಾ ತೊಟ್ಲಾ ಮನಿಗೆ ತರೂದಿಲ್ಲ. ಹೇಳು ಇಬ್ಬರಿಗೂ," ಎಂದಳು ಅಮ್ಮ.

ಹೇಳಿದೆ. ಡಾನಾ ಆಂಟಿ ಕೇಕನ್ನೇ ನೋಡುತ್ತ, "ನಾವು ತೊಟ್ಟಿಲು ತಂದಿದ್ವಿ," ಎಂದರು. "ಟೈಲರನಿಗಿಂತ ಮುಂಚಿನ ಮಗುವಿಗೆ. ಕೋಣೆಗೆ ಹಳದಿ ಬಣ್ಣಾನೂ ಬಳಿದಿದ್ವಿ."

ಇಂಗ್ರಿಡ್ ಆಂಟಿ ಹಿಂದಕ್ಕೆ ಬಂದರು. ತಬ್ಬಿಕೊಳ್ಳಲಿಲ್ಲ. ಕೇಕಿನ ಮೇಲೆ ದೊಡ್ಡದೊಂದು ಬೋಗುಣಿ ಮುಚ್ಚಿದರು, ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಅದನ್ನು ಫ್ರಿಜ್ಜಿನೊಳಗಿಟ್ಟರು.

"ನಾಳೆ ನಾಲ್ಕು ಗಂಟೆಗೆ. ಇಲ್ಲೇ."

"ನಾಲ್ಕು ಅಂದ್ರೆ ನಾಲ್ಕಾ?" ಡಾನಾ ಆಂಟಿ ಕಣ್ಣೊರೆಸಿಕೊಳ್ಳುತ್ತ ಕೇಳಿದರು.

"ನಿಮ್ಮ ನಾಲ್ಕಲ್ಲ. ನಮ್ಮ ನಾಲ್ಕು."

ಮೊದಲು ನಕ್ಕವರು ಇಂಗ್ರಿಡ್ ಆಂಟಿಯೇ. ಒರಟು, ಜೋರು ನಗು. ಟೈಲರ್ ಮೇಜಿನಡಿಯಿಂದ ತಲೆ ಹೊರಹಾಕಿದ.

ಮರುದಿನ ಕೇಕಿನ ಅಂಚು ಒಣಗಿತ್ತು. ನಾನು ಮೂರು ತುಂಡು ತಿಂದೆ. ಆ ಇಬ್ಬರೂ ಒಬ್ಬರನ್ನೊಬ್ಬರು ದೂರುವುದನ್ನೇನೂ ಬಿಡಲಿಲ್ಲ. ಆದರೆ ಅಂದಿನಿಂದ ಚಹಾಕ್ಕೆ ಒಟ್ಟಿಗೆ ಬಂದು, ಎದುರೆದುರೇ ದೂರುತ್ತಿದ್ದರು.

ನಾನೀಗ ಹೆಂಡತಿ, ಮಗಳೊಂದಿಗೆ ದುಬೈನ ಅಲ್ ಮುರಕ್ಕಬಾತ್‌ನಲ್ಲಿದ್ದೇನೆ. ಸುಖವಾಗಿದ್ದೇವೆ. ನಮ್ಮ ಮಹಡಿಯ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಯಾವ ಬಾಗಿಲಿನ ಹಿಂದೆ ಯಾವ ದೇಶದವರೆಂದು ಗೊತ್ತು, ಅವರ ಬಗ್ಗೆ ನಮಗೊಂದು ಅಭಿಪ್ರಾಯವೂ ಇದೆ; ಹೆಸರು ಗೊತ್ತಿಲ್ಲ. ಹೋಗಿ ಜಗಳವಾಡಿ ಅಳುತ್ತ ವಾಪಸು ಬರಲು ನನ್ನ ಮಗಳಿಗೆ ಪಕ್ಕದ ಮನೆಯೊಂದಿಲ್ಲ.

ಡಾನಾ ಆಂಟಿ ಈಗಿಲ್ಲ. ಅಂದು ಆ ಅಡುಗೆಮನೆಯಲ್ಲಿದ್ದ ಇಂಗ್ರಿಡ್ ಆಂಟಿ, ಲೇನಾ, ಟೈಲರ್, ನನ್ನ ಅಮ್ಮ ಇದ್ದಾರೆ. ನಾನು ಬರೆದುದರಲ್ಲಿ ತಪ್ಪಿದ್ದರೆ ಅವರಲ್ಲಿ ಯಾರು ಬೇಕಾದರೂ ತಿದ್ದಬಹುದು.